ಬೆಳೆ ಕಾಯುವ ಬಂದೂಕ: ಕಾನೂನೂ ಎಚ್ಚರಿಕೆಯೂ
(ಪುಣಜನೂರಿನ ರೈತರ ಸಭೆಯಲ್ಲಿ ಮಾಡಿದ ಭಾಷಣ)



ಬೀಜ, ಗೊಬ್ಬರ, ಮಣ್ಣು ಇವುಗಳ ವಿಚಾರ ಹೇಳುವವನಿಗೆ ಬಂದೂಕದ ಉಸಾಬರಿ ಏಕೆ ಎಂದು ನೀವು ಕೇಳಬಹುದು. ಆದರೆ ಮುಸುಕಿನ ಜೋಳ ತೆನೆ ಕಟ್ಟುವ ಕಾಲಕ್ಕೆ ಯಾವ ಹಳ್ಳಿಗೆ ಹೋದರೂ ಬೀಜದ ಮಾತು ಹಿಂದಾಗಿ ಹಂದಿಯ ಮಾತು ಮುಂದಾಗುತ್ತದೆ. ಹಂದಿಯ ಮಾತು ಬಂದ ಮೇಲೆ ಬಂದೂಕದ ಮಾತು ಬಾರದೆ ಇರುವುದಿಲ್ಲ. ಮೊನ್ನೆ ಒಬ್ಬ ಯಜಮಾನರು ಹೇಳಿದರು: “ಸಾಮಿ, ಬಂದೂಕ ಹೆಗಲ ಮೇಲಿದ್ರೆ ಹಂದಿಯೂ ಹೆದರ್ತದೆ, ಊರೂ ಹೆದರ್ತದೆ.” ಮೊದಲ ಮಾತು ಅರ್ಧ ಮಾತ್ರ ನಿಜ. ಎರಡನೆಯ ಮಾತೇ ಕೋರ್ಟು ಕಚೇರಿಗೆ ಅಲೆಸುವಂಥದು.

ಮೊದಲು ಕಾನೂನನ್ನು ತಿಳಿಯೋಣ. ಬಂದೂಕಕ್ಕೆ ಸಂಬಂಧಿಸಿದ್ದು 1959ರ ಆಯುಧ ಕಾಯ್ದೆ. ಇದು 1962ರ ಅಕ್ಟೋಬರ್ 1ರಿಂದ ಜಾರಿಯಲ್ಲಿದೆ. ಅದಕ್ಕೆ ಮುಂಚೆ ಬ್ರಿಟಿಷರ 1878ರ ಕಾಯ್ದೆ ಇತ್ತು. ಲೈಸೆನ್ಸು ಇಲ್ಲದೆ ಯಾರೂ ಬಂದೂಕವನ್ನಾಗಲಿ ಮದ್ದುಗುಂಡನ್ನಾಗಲಿ ಇಟ್ಟುಕೊಳ್ಳಕೂಡದು. ಆದರೆ ಇದೇ ಕಾಯ್ದೆ ರೈತನನ್ನು ಮರೆತಿಲ್ಲ. ನಿಜವಾಗಿ ಬೆಳೆ ಕಾಯುವುದಕ್ಕೆ ಬಾಯಿಯಿಂದ ಮದ್ದು ತುಂಬುವ ಬಂದೂಕಕ್ಕೆ ಲೈಸೆನ್ಸು ಕೊಡಬೇಕೆಂದು 13ನೆಯ ಕಲಮಿನಲ್ಲೇ ಹೇಳಿದೆ. ಅದು ಸಾಲದೆಂದು ಅಧಿಕಾರಿಗೆ ಮನವರಿಕೆಯಾದರೆ, ನಳಿಗೆ 20 ಅಂಗುಲಕ್ಕೆ ಕಡಮೆಯಿಲ್ಲದ, ಒಳಗೆ ನುಣುಪಾದ ಬೇರೆ ಬಂದೂಕಕ್ಕೂ ಕೊಡಬಹುದು. ಕೇಳುವವರಿಗೆ 21 ವರ್ಷ ತುಂಬಿರಬೇಕು. ಅರ್ಜಿ ಹೋಗಬೇಕಾದದ್ದು ಜಿಲ್ಲಾಧಿಕಾರಿಗಳಿಗೆ. ಪೊಲೀಸರ ವರದಿ ಆಗಬೇಕು. ಆಯುಧ ಬಳಕೆಯ ತರಬೇತಿ, ವೈದ್ಯರ ಪ್ರಮಾಣಪತ್ರ, ಭದ್ರವಾಗಿ ಇಡುವೆನೆಂಬ ಬರಹ ಇವೂ ಕೇಳಲ್ಪಡುತ್ತವೆ. 2019ರ ತಿದ್ದುಪಡಿಯ ನಂತರ ಲೈಸೆನ್ಸಿನ ಅವಧಿ ಮೂರು ವರ್ಷದಿಂದ ಐದು ವರ್ಷಕ್ಕೆ ಏರಿದೆ.

ನಮ್ಮ ಭಾಗಕ್ಕೆ ಇನ್ನೊಂದು ಕಟ್ಟು ಇದೆ. ಬಿಳಿಗಿರಿರಂಗನ ಬೆಟ್ಟದ ಕಾಡು ವನ್ಯಧಾಮ. 2011ರಿಂದ ಹುಲಿ ಸಂರಕ್ಷಿತ ಪ್ರದೇಶವೂ ಹೌದು. 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ವನ್ಯಧಾಮದಿಂದ 10 ಕಿಲೋಮೀಟರಿನ ಒಳಗೆ ಹೊಸ ಲೈಸೆನ್ಸು ಕೊಡಬೇಕಾದರೆ ಮುಖ್ಯ ವನ್ಯಜೀವಿ ಪಾಲಕರ ಪೂರ್ವ ಸಮ್ಮತಿ ಬೇಕು. ಪುಣಜನೂರು ಕಾಡಿನ ಬಾಯಲ್ಲೇ ಇರುವ ಊರಾದ್ದರಿಂದ ಈ ನಿಯಮ ನಮಗೆ ಪೂರ್ತಿ ಅನ್ವಯ. ಅರ್ಜಿ ತಡವಾಗುವುದು ಇದರಿಂದಲೇ. ಯಾರೋ ಮಧ್ಯವರ್ತಿ “ಹಣ ಕೊಡಿ, ವಾರದಲ್ಲಿ ಮಾಡಿಸುತ್ತೇನೆ” ಎಂದರೆ ನಂಬಬೇಡಿ.

ಇನ್ನು ಹೆಗಲ ಮೇಲೆ ಹೊತ್ತು ತಿರುಗುವ ವಿಚಾರ. ಲೈಸೆನ್ಸು ಕೈಗೆ ಬಂದರೆ ಸಂತೆಗೂ, ಜಾತ್ರೆಗೂ, ಬಸ್ ನಿಲ್ದಾಣಕ್ಕೂ ಬಂದೂಕ ಹಿಡಿದು ಹೋಗಬಹುದೆಂಬ ಭಾವನೆ ಅನೇಕರಲ್ಲಿದೆ. ಇದು ತಪ್ಪು. 2016ರ ಆಯುಧ ನಿಯಮಗಳ ಪ್ರಕಾರ ಸಾರ್ವಜನಿಕ ಸ್ಥಳದಲ್ಲಿ ಒಯ್ಯುವ ಬಂದೂಕವು ಅದಕ್ಕೆಂದೇ ಮಾಡಿದ ಚೀಲದಲ್ಲಿ ಪೂರ್ತಿ ಮುಚ್ಚಿರಬೇಕು, ಒಯ್ಯುವವನ ಹತೋಟಿಯಲ್ಲಿಯೂ ಇರಬೇಕು. ಪಿಸ್ತೂಲಾದರೆ ಮೈಗೆ ಕಟ್ಟಿದ ಒರೆಯಲ್ಲಿ, ಅದೂ ಮುಚ್ಚಿರಬೇಕು. ಬೀದಿಯಲ್ಲಿ ಝಳಪಿಸುವುದೂ ಹಾರಿಸುವುದೂ ನಿಷಿದ್ಧ, ಲೈಸೆನ್ಸೇ ರದ್ದಾಗಬಹುದು. ಮದುವೆಯ ಮೆರವಣಿಗೆಯಲ್ಲಿ ಸಂಭ್ರಮಕ್ಕೆಂದು ಗುಂಡು ಹಾರಿಸಿ ಇತರರ ಜೀವಕ್ಕೆ ಅಪಾಯ ತಂದವರಿಗೆ 2019ರ ತಿದ್ದುಪಡಿಯಂತೆ ಎರಡು ವರ್ಷದವರೆಗೆ ಸೆರೆ, ಇಲ್ಲವೆ ಒಂದು ಲಕ್ಷ ರೂಪಾಯಿಯವರೆಗೆ ದಂಡ, ಇಲ್ಲವೆ ಎರಡೂ. ಆಯುಧ ಒಯ್ಯುತ್ತಿರುವವರನ್ನು ಯಾವ ಪೊಲೀಸ್ ಅಧಿಕಾರಿಯಾದರೂ ನಿಲ್ಲಿಸಿ ಲೈಸೆನ್ಸು ತೋರಿಸೆನ್ನಬಹುದು. ಆದಕಾರಣ ಬಂದೂಕ ಹೊರಟಲ್ಲಿಗೆ ಲೈಸೆನ್ಸೂ ಹೊರಡಬೇಕು.

ನಮ್ಮ ಊರು ಗಡಿಯಲ್ಲಿದೆ. ಹಾಸನೂರಿಗೆ, ತಾಳವಾಡಿಗೆ ಹೆಣ್ಣು ಕೊಟ್ಟು ತಂದ ಮನೆಗಳು ನಮ್ಮಲ್ಲಿ ಬಹಳ. ನೆಂಟಸ್ತನಕ್ಕೆ ರಾಜ್ಯದ ಗೆರೆ ಇಲ್ಲ, ಲೈಸೆನ್ಸಿಗೆ ಇದೆ. ಅದರಲ್ಲಿ ಯಾವ ಪ್ರದೇಶ ಬರೆದಿದೆಯೋ ಅಲ್ಲಿಗೆ ಮಾತ್ರ ಅದು ಸಲ್ಲುತ್ತದೆ. ಹಾಗೆಯೇ ವನ್ಯಧಾಮದೊಳಗೆ ಲಿಖಿತ ಅನುಮತಿಯಿಲ್ಲದೆ ಯಾವ ಆಯುಧದೊಡನೆಯೂ ಕಾಲಿಡಕೂಡದು. ಕಾಡು ಬಳಸಿ ಹತ್ತಿರದ ದಾರಿಯಲ್ಲಿ ಹೊಲಕ್ಕೆ ಹೋಗುವವರು ಇದನ್ನು ಮುಖ್ಯವಾಗಿ ನೆನಪಿಡಬೇಕು. ಸೋಲಿಗ ಬಂಧುಗಳಿಗೆ 2011ರಲ್ಲಿ ಇಲ್ಲಿ ಸಮುದಾಯ ಅರಣ್ಯ ಹಕ್ಕು ಸಿಕ್ಕಿತು. ಜೇನು, ನೆಲ್ಲಿ, ಪಾಚಿಗೆ ಹೋಗುವುದು ಅವರ ಹಕ್ಕು. ಆದರೆ 2006ರ ಅರಣ್ಯ ಹಕ್ಕು ಕಾಯ್ದೆಯಲ್ಲಿ ಬೇಟೆಯನ್ನು ಸ್ಪಷ್ಟವಾಗಿ ಹೊರಗಿಟ್ಟಿದೆ.

“ಕೊಡಗಿನಲ್ಲಿ ಲೈಸೆನ್ಸು ಇಲ್ಲದೆ ಕೋವಿ ಇಟ್ಟುಕೊಳ್ಳುತ್ತಾರಲ್ಲ, ನಮಗೇಕಿಲ್ಲ?” ಎಂದು ಯುವಕರು ಕೇಳುತ್ತಾರೆ. ಅದು 1861ರಲ್ಲಿ ಕಮಿಷನರ್ ಮಾರ್ಕ್ ಕಬ್ಬನ್ ಕಾಲದಿಂದ ಬಂದ ವಿನಾಯಿತಿ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಮಾತ್ರ ಸಲ್ಲುತ್ತದೆ. 2019ರಲ್ಲಿ ಕೇಂದ್ರ ಸರ್ಕಾರ ಅದನ್ನು 2029ರ ಅಕ್ಟೋಬರ್ 31ರವರೆಗೆ ಮುಂದುವರಿಸಿತು. 2021ರಲ್ಲಿ ನಮ್ಮ ಹೈಕೋರ್ಟು ಎತ್ತಿಹಿಡಿಯಿತು. ಚಾಮರಾಜನಗರಕ್ಕೂ ಗುಂಡ್ಲುಪೇಟೆಗೂ ಅದು ಅನ್ವಯಿಸದು.

ಪಿಸ್ತೂಲು, ರಿವಾಲ್ವರು ಬೇಕೆನ್ನುವವರೂ ಇದ್ದಾರೆ. ಬೆಳೆ ಕಾಯಲು ಕಾಯ್ದೆ ಹೇಳಿರುವುದು ಉದ್ದ ನಳಿಗೆಯ ಬಂದೂಕವನ್ನೇ. ಕೈಪಿಸ್ತೂಲು ಹೊಲದಲ್ಲಿ ನಿಷ್ಪ್ರಯೋಜಕ ಎಂಬುದು ನನ್ನ ಖಚಿತ ಅಭಿಪ್ರಾಯ. ಕತ್ತಲಲ್ಲಿ ಅಟ್ಟಣೆಯ ಮೇಲಿಂದ ಓಡುವ ಹಂದಿಗೆ ಅದರ ಗುರಿ ನಿಲ್ಲದು. ಸೊಂಟದಲ್ಲಿ ಎಲ್ಲರಿಗೂ ಕಾಣುವಂತೆ ಸಿಕ್ಕಿಸಿಕೊಂಡರೆ ಬದುವಿನ ಜಗಳ ಕೊಲೆಯ ಜಗಳವಾಗುತ್ತದೆ, ಅಷ್ಟೆ.

ಇಷ್ಟೆಲ್ಲ ಆಗಿ ಲೈಸೆನ್ಸು ಪಡೆದವರು ಹಂದಿಯನ್ನು ಹೊಡೆಯಬಹುದೇ? ಇಲ್ಲ. ಬಂದೂಕದ ಲೈಸೆನ್ಸು ಬೇರೆ, ಕೊಲ್ಲುವ ಅನುಮತಿ ಬೇರೆ. 2022ರ ತಿದ್ದುಪಡಿಯ ನಂತರ ಕಾಡುಹಂದಿ ಎರಡನೆಯ ಅನುಸೂಚಿಯಲ್ಲಿದೆ. ಅದು ನಿಂತ ಬೆಳೆಗೆ ಅಪಾಯಕಾರಿಯೆಂದು ಕಂಡಾಗ ಮುಖ್ಯ ವನ್ಯಜೀವಿ ಪಾಲಕರು ಅಥವಾ ಅವರಿಂದ ಅಧಿಕಾರ ಪಡೆದವರು ಕಾರಣ ಕಾಣಿಸಿ ಲಿಖಿತ ಆಜ್ಞೆ ಕೊಡಬೇಕು. ಹಾಗೆ ಹೊಡೆದ ಪ್ರಾಣಿಯೂ ಸರ್ಕಾರದ ಸ್ವತ್ತು. ಮಾಂಸ ಪಾಲು ಹಾಕುವಂತಿಲ್ಲ. ಮೇಲೆ ಬಿದ್ದ ಪ್ರಾಣಿಯಿಂದ ಜೀವ ಉಳಿಸಿಕೊಳ್ಳಲು ಸದ್ಭಾವದಿಂದ ಹೊಡೆದದ್ದು ಅಪರಾಧವಲ್ಲ. ಆದರೆ ಆಗ ನೀವು ಬೇರೊಂದು ಅಪರಾಧದಲ್ಲಿ ತೊಡಗಿರಕೂಡದು. ಆನೆಯ ವಿಚಾರವಂತೂ ಬೇಡವೇ ಬೇಡ. ಚಿಲ್ಲರೆ ಗುಂಡು ಆನೆಯನ್ನು ಕೊಲ್ಲುವುದಿಲ್ಲ, ಗಾಯ ಮಾಡುತ್ತದೆ. ಗಾಯಗೊಂಡ ಆನೆ ಮರುದಿನ ಯಾರ ಹೊಲದಲ್ಲಿ ಯಾರನ್ನು ತುಳಿಯುವುದೋ ಹೇಳಬರುವುದಿಲ್ಲ. ಮೊದಲನೆಯ ಅನುಸೂಚಿಯ ಪ್ರಾಣಿಯನ್ನು ಕೊಂದರೆ ಮೂರು ವರ್ಷಕ್ಕೆ ಕಡಮೆಯಿಲ್ಲದೆ ಏಳು ವರ್ಷದವರೆಗೆ ಸೆರೆ, ಜೊತೆಗೆ ದಂಡ.

ಹಾಗಾದರೆ ಬಂದೂಕದಿಂದ ಏನು ಲಾಭ? ಸದ್ದು ಮಾಡಿ ಅಟ್ಟುವುದು. ಆ ಸದ್ದಿಗೂ ಹಂದಿಗಳು ಕೆಲವೇ ದಿನಗಳಲ್ಲಿ ಹೊಂದಿಕೊಳ್ಳುತ್ತವೆ ಎಂಬುದನ್ನು ನೀವೇ ನನಗಿಂತ ಚೆನ್ನಾಗಿ ಬಲ್ಲಿರಿ.

ಉಪಯೋಗಿಸುವವರು ಕೆಲವು ಸಂಗತಿಗಳನ್ನು ಪಾಲಿಸಬೇಕು. ಜೋಳದ ಗರಿ ಅಲ್ಲಾಡಿತೆಂದು ಹಾರಿಸಬಾರದು; ಅಲ್ಲಿ ಬಯಲಿಗೆ ಕೂತಿರುವವನು ಪಕ್ಕದ ಹೊಲದ ಅಣ್ಣನೇ ಇರಬಹುದು. ಬ್ಯಾಟರಿ ಬೆಳಕಲ್ಲಿ ಪ್ರಾಣಿಯನ್ನೂ ಅದರ ಹಿಂದಿನ ಜಾಗವನ್ನೂ ಕಣ್ಣಾರೆ ಕಾಣದೆ ಬೆರಳು ಒಳಗೆ ಹೋಗಕೂಡದು. ಮದ್ದು ತುಂಬುವ ಬಂದೂಕದ ದೊಡ್ಡ ಅಪಾಯವೆಂದರೆ, ಒಮ್ಮೆ ತುಂಬಿದ್ದನ್ನು ತೆಗೆಯುವುದು ತ್ರಾಸವೆಂದು ದಿನಗಟ್ಟಲೆ ಹಾಗೆಯೇ ಮೂಲೆಗೆ ಒರಗಿಸುವುದು. ಮಕ್ಕಳು ಆಡುವ ಮನೆಯಲ್ಲಿ ಇದು ಹಾವನ್ನು ಸಾಕಿದಂತೆ. ಹೊಲದಲ್ಲೇ ತುಂಬಬೇಕು, ಮನೆಗೆ ತರುವ ಮುನ್ನ ಬರಿದು ಮಾಡಬೇಕು, ಮದ್ದನ್ನು ಬೇರೆ ಬೀಗದಲ್ಲಿಡಬೇಕು. ಥಂಡಿಯಲ್ಲಿ ಮದ್ದು ತಡವಾಗಿ ಹೊತ್ತುವುದುಂಟು. ಗುಂಡು ಹಾರಲಿಲ್ಲವೆಂದು ಒಡನೆಯೇ ನಳಿಗೆಯೊಳಗೆ ಇಣುಕಬಾರದು. ಜನರಿಲ್ಲದ ಕಡೆಗೆ ಹಿಡಿದು ಸ್ವಲ್ಪ ಹೊತ್ತು ಕಾಯಬೇಕು. ಹೆಂಡ ಕುಡಿದವನ ಕೈಗೆ ಬಂದೂಕ ಸಲ್ಲದು.

ಬಂದೂಕ ಸಿಗದವರು ಬೇಲಿಗೆ ಕಂಬದ ಕರೆಂಟು ಹರಿಸುವುದು, ಸಿಡಿಮದ್ದು ಇಡುವುದು ಇವೆರಡೂ ಬಂದೂಕಕ್ಕಿಂತ ಕೆಟ್ಟವು. ಅವುಗಳಿಗೆ ಹಂದಿ ಯಾವುದು, ದನ ಯಾವುದು, ನಸುಕಿನಲ್ಲಿ ನೀರು ಹಾಯಿಸಲು ಬಂದ ಮನುಷ್ಯ ಯಾರು ಎಂಬ ಭೇದ ತಿಳಿಯದು. ನಾಲ್ಕಾರು ಹಿಡುವಳಿಯವರು ಕೂಡಿ ಸೌರ ಬೇಲಿ ಹಾಕಿ, ಬುಡದ ಹುಲ್ಲು ಸವರುತ್ತಾ, ಸರದಿಯ ಮೇಲೆ ಅಟ್ಟಣೆ ಕಾಯುವುದು ಮೇಲು. ಬೆಳೆ ಹಾಳಾದರೆ ಅಂದೇ ಚಿತ್ರ ತೆಗೆದು, ಪಹಣಿಯೊಡನೆ ವಲಯ ಅರಣ್ಯ ಕಚೇರಿಗೆ ಪರಿಹಾರದ ಅರ್ಜಿ ಕೊಡಿ. ಪರಿಹಾರ ನಷ್ಟದಷ್ಟು ಇರುವುದಿಲ್ಲವೆಂಬ ನಿಮ್ಮ ದೂರು ನ್ಯಾಯವಾದದ್ದೇ. ಆದರೂ ಅರ್ಜಿ ಬಿದ್ದರಲ್ಲವೇ ನಷ್ಟ ಲೆಕ್ಕಕ್ಕೆ ಬರುವುದು?

ಕಡೆಯದಾಗಿ ಹಳೆಯ ಬಂದೂಕಗಳ ವಿಚಾರ. ತಂದೆಯ ಲೈಸೆನ್ಸು ತಂದೆಯೊಡನೆ ಮುಗಿಯುತ್ತದೆ. ಹೊಲದಂತೆ ಮಗನಿಗೆ ಇಳಿಯುವುದಿಲ್ಲ. ತಂದೆ ತೀರಿಕೊಂಡರೆ ಬಂದೂಕವನ್ನು ತಡಮಾಡದೆ ಠಾಣೆಗೆ ಒಪ್ಪಿಸಿ, ನಂತರ ವಾರಸುದಾರನಾಗಿ ಅರ್ಜಿ ಹಾಕಬೇಕು. ತಂದೆಗೆ 70 ವರ್ಷ ತುಂಬಿದ್ದರೆ, ಇಲ್ಲವೆ ಅವರು ಬಂದೂಕ ಹೊಂದಿ 25 ವರ್ಷವಾಗಿದ್ದರೆ, ಅವರಿರುವಾಗಲೇ ಮಗ ಅರ್ಜಿ ಹಾಕಲು ನಿಯಮದಲ್ಲಿ ಅವಕಾಶವಿದೆ. ರಿಪೇರಿಗೋ ನವೀಕರಣಕ್ಕೋ ಮಗ ಒಬ್ಬನೇ ಒಯ್ಯುವುದಾದರೆ ತಂದೆಯ ಸಹಿಯಿರುವ ಪತ್ರ ಜೇಬಿನಲ್ಲಿರಲಿ. ಅಟ್ಟದ ಮೇಲೆ ಲೈಸೆನ್ಸಿಲ್ಲದೆ ತುಕ್ಕು ಹಿಡಿಯುತ್ತಿರುವ ನಾಡಬಂದೂಕಕ್ಕೂ ಈಗ ಎರಡರಿಂದ ಐದು ವರ್ಷದವರೆಗೆ ಸೆರೆಯುಂಟು. ಅಂಥದು ಮನೆಯಲ್ಲಿದ್ದರೆ ಮೊದಲು ಬಲ್ಲ ವಕೀಲರೊಬ್ಬರನ್ನು ಕಂಡು, ಅವರ ಸಲಹೆಯಂತೆ ಒಪ್ಪಿಸಿರಿ. ಚುನಾವಣೆಯ ಕಾಲದಲ್ಲಿ ಜಿಲ್ಲಾಧಿಕಾರಿಗಳ ಆಜ್ಞೆಯಾಗಿ ಬಂದೂಕವನ್ನು ಠಾಣೆಗೆ ಕೊಡಬೇಕಾದಾಗ ರಸೀದಿ ಇಲ್ಲದೆ ಹಿಂದಿರುಗಬೇಡಿ. ಆ ರಸೀದಿಯನ್ನು ಲೈಸೆನ್ಸಿನ ಪುಸ್ತಕದೊಳಗೇ ಇಡಿ.