ಬರೋಡಾದ ಸೀತಾದೇವಿ: ವಿವಾಹ, ಮತಾಂತರ ಮತ್ತು ಕಾನೂನು

ಸ್ವಾತಂತ್ರ್ಯಪೂರ್ವ ಭಾರತದ ವಿವಾಹ ಕಾನೂನುಗಳನ್ನು ಕುರಿತ ಈ ವಿಚಾರ ಸಂಕಿರಣವು ಬರೋಡಾದ ಸೀತಾದೇವಿಯ ಬದುಕನ್ನು ಮೊದಲ ವಸ್ತುವಾಗಿ ಎತ್ತಿಕೊಂಡಿರುವುದು ಅವರ ಮುತ್ತಿನ ಹಾರಗಳಿಗಾಗಲೀ ಮೊನಾಕೊದ ವೈಭೋಗಕ್ಕಾಗಲೀ ಅಲ್ಲ. ಆ ಕಥೆಗಳನ್ನು ಪತ್ರಿಕೆಗಳು ಸಾಕಷ್ಟು ಬರೆದಿವೆ.

1917ರಲ್ಲಿ ಪೀಠಾಪುರದ ರಾಜಮನೆತನದಲ್ಲಿ ಹುಟ್ಟಿದ ಸೀತಾದೇವಿ ವುಯ್ಯೂರಿನ ಜಮೀನ್ದಾರರ ಪತ್ನಿಯೂ ಒಬ್ಬ ಮಗನ ತಾಯಿಯೂ ಆಗಿದ್ದಾಗ, 1943ರಲ್ಲಿ, ಮದ್ರಾಸಿನ ಕುದುರೆ ಪಂದ್ಯಗಳಲ್ಲಿ ಬರೋಡಾದ ಮಹಾರಾಜ ಪ್ರತಾಪಸಿಂಹ ಗಾಯಕವಾಡರ ಪರಿಚಯವಾಯಿತು. ಆಗಿನ ಹಿಂದೂ ಧರ್ಮಶಾಸ್ತ್ರದ ಪ್ರಕಾರ ವಿವಾಹವು ಸಂಸ್ಕಾರ, ಎಂದರೆ ಬಿಡಿಸಿಕೊಳ್ಳಲಾಗದ ಬಂಧ. ಮದ್ರಾಸ್ ಪ್ರಾಂತ್ಯದ ಹಿಂದೂ ಹೆಂಗಸಿಗೆ ವಿಚ್ಛೇದನ ಕೇಳಲು ಸಾಮಾನ್ಯವಾಗಿ ದಾರಿಯೇ ಇರಲಿಲ್ಲ, ಗಂಡಸಿಗೆ ಮಾತ್ರ ಎಷ್ಟು ಮದುವೆಗೂ ಅಡ್ಡಿಯಿರಲಿಲ್ಲ. ಸೀತಾದೇವಿ ಇಸ್ಲಾಮಿಗೆ ಮತಾಂತರಗೊಂಡರು. ಅದರ ಆಧಾರದ ಮೇಲೆ ನ್ಯಾಯಾಲಯದಲ್ಲಿ ಮೊದಲ ವಿವಾಹವನ್ನು ರದ್ದುಪಡಿಸಿಕೊಂಡು, ಮತ್ತೆ ಹಿಂದೂ ಧರ್ಮಕ್ಕೆ ಮರಳಿ ಮಹಾರಾಜರನ್ನು ವರಿಸಿದರು. ಇದನ್ನು ಕಪಟವೆಂದು ಕರೆಯುವುದು ಸುಲಭ, ಆದರೆ ನೇರ ದಾರಿಯನ್ನೇ ಇಡದ ಕಾನೂನು ಅಡ್ಡದಾರಿಯನ್ನು ದೂಷಿಸುವ ನೈತಿಕ ಹಕ್ಕನ್ನು ಕಳೆದುಕೊಂಡಿರುತ್ತದೆ. ಆರೇ ವರ್ಷಗಳ ಬಳಿಕ, 1949ರಲ್ಲಿ, ಮದ್ರಾಸ್ ಶಾಸನಸಭೆಯು ದ್ವಿಪತ್ನಿತ್ವವನ್ನು ನಿಷೇಧಿಸಿ ವಿಚ್ಛೇದನಕ್ಕೆ ಅವಕಾಶ ಕೊಟ್ಟಿತು. ಸುಧಾರಣೆಗೆ ಹೆಸರಾದ ಮೈಸೂರು ಸಂಸ್ಥಾನದ 1933ರ ಹಿಂದೂ ಮಹಿಳೆಯರ ಹಕ್ಕುಗಳ ಕಾಯ್ದೆಯೂ ಆಸ್ತಿಯ ವಿಷಯದಲ್ಲಿ ಉದಾರವಾಗಿತ್ತೇ ಹೊರತು ವಿಚ್ಛೇದನದವರೆಗೆ ಹೋಗಿರಲಿಲ್ಲವೆಂಬುದನ್ನು ಇಲ್ಲಿ ನೆನೆಯಬೇಕು.

ಬರೋಡಾದ ಸ್ಥಿತಿ ಇನ್ನೂ ವಿಚಿತ್ರ. ಪ್ರತಾಪಸಿಂಹರ ಅಜ್ಜ ಮೂರನೆಯ ಸಯಾಜಿರಾಯರ ಆಳ್ವಿಕೆಯಲ್ಲಿಯೇ, 1931ರಲ್ಲಿ, ಅಲ್ಲಿ ಹಿಂದೂ ವಿಚ್ಛೇದನ ಕಾನೂನು ಬಂದಿತ್ತು. ದ್ವಿಪತ್ನಿತ್ವ ನಿಷೇಧವೂ ಜಾರಿಯಲ್ಲಿದ್ದುದರಿಂದ, ಶಾಂತಾದೇವಿಯವರು ಪಟ್ಟದ ರಾಣಿಯಾಗಿರುವಾಗಲೇ ನಡೆದ ಈ ಮದುವೆ ಸಂಸ್ಥಾನದ ಕಾನೂನಿಗೇ ವಿರುದ್ಧವಾಗಿತ್ತು. ಬ್ರಿಟಿಷರು ವಿವರಣೆ ಕೇಳಿದಾಗ ಮಹಾರಾಜರು ಆ ಕಾನೂನು ಪ್ರಜೆಗಳಿಗೇ ಹೊರತು ಅರಸನಿಗಲ್ಲವೆಂದು ವಾದಿಸಿದರು. ಕೊನೆಗೆ ವಿವಾಹಕ್ಕೆ ಮನ್ನಣೆ ದೊರೆತರೂ ಸೀತಾದೇವಿಗೆ ‘ಹರ್ ಹೈನೆಸ್’ ಎಂಬ ಬಿರುದು ದೊರೆಯಲಿಲ್ಲ. ಕಾನೂನು ಮೀರಿದ ಅರಸನಿಗೆ ಬಿರುದು ಉಳಿದು, ಕಾನೂನಿನ ಮೂಲಕವೇ ಬಂದ ಹೆಂಗಸಿಗೆ ಅದು ತಪ್ಪಿದ್ದು ಆಡಳಿತದ ನೋಟವನ್ನು ತಿಳಿಸುತ್ತದೆ.

ಹಾಗೆಂದು ಸೀತಾದೇವಿಯನ್ನು ಸುಧಾರಕಿಯೆಂದು ಚಿತ್ರಿಸುವುದು ಅತಿರೇಕವಾದೀತು. ಬರೋಡಾದ ಖಜಾನೆಯ ಅಮೂಲ್ಯ ಒಡವೆಗಳು ಅವರೊಂದಿಗೆ ವಿದೇಶಕ್ಕೆ ಸಾಗಿದುದು, ಅರಸರ ಖಾಸಗಿ ಸ್ವತ್ತು ಮತ್ತು ಸಂಸ್ಥಾನದ ಸ್ವತ್ತುಗಳ ನಡುವಣ ಗೆರೆಯೇ ಅಸ್ಪಷ್ಟವಾಗಿದ್ದ ಕಾಲದಲ್ಲಿ, ಪ್ರಜೆಗಳ ತೆರಿಗೆಯ ಪ್ರಶ್ನೆಯೂ ಹೌದು. ಭಾರತ ಸರ್ಕಾರ 1951ರಲ್ಲಿ ಪ್ರತಾಪಸಿಂಹರನ್ನು ಪದಚ್ಯುತಗೊಳಿಸಿತು. 1956ರಲ್ಲಿ ಈ ದಾಂಪತ್ಯವೂ ವಿಚ್ಛೇದನದಲ್ಲಿ ಮುಗಿಯಿತು. ಸೀತಾದೇವಿ ಕೊನೆಯವರೆಗೂ ಯುರೋಪಿನಲ್ಲಿದ್ದು 1989ರಲ್ಲಿ ಪ್ಯಾರಿಸ್ಸಿನಲ್ಲಿ ನಿಧನರಾದರು.

ಈ ಬದುಕನ್ನು ಕುರಿತ ಬರಹಗಳಲ್ಲಿ ಶಾಂತಾದೇವಿಯವರಿಗೆ ದೊರೆತಿರುವುದು ಹೆಚ್ಚೆಂದರೆ ಒಂದೆರಡು ಸಾಲು. ಅರಮನೆಯಲ್ಲೇ ಉಳಿದ ಆ ರಾಣಿಗೆ 1931ರ ಕಾನೂನು ಕಾಗದದ ಮೇಲೆ ಕೊಟ್ಟ ಬಿಡುಗಡೆಯಿಂದ ನಿಜವಾಗಿ ಏನು ಸಾಧ್ಯವಿತ್ತು ಎಂಬ ಪ್ರಶ್ನೆಯನ್ನು ಮೊದಲ ಗೋಷ್ಠಿಯೇ ಕೈಗೆತ್ತಿಕೊಳ್ಳಬೇಕೆಂಬುದು ಸಂಕಿರಣದ ಆಶಯ.