ಸಾವಿಗೆ ಅರ್ಥ ತುಂಬುವುದು ಉಳಿದವರ ಕೆಲಸ



ಸಭೆಯಲ್ಲಿ ಆಡಿದ ಈ ಮಾತನ್ನು ಮನೆಯಲ್ಲಿ ಕೂತು ಓದುವ ನಿಮಗೂ ಹೇಳುತ್ತಿದ್ದೇನೆ. ಪ್ರತಿ ವರ್ಷ ಜುಲೈ 21ರಂದು ನಾವು ರೈತ ಹುತಾತ್ಮ ದಿನ ಆಚರಿಸುತ್ತೇವೆ. 1980ರ ಆ ದಿನ ಮಲಪ್ರಭಾ ಅಚ್ಚುಕಟ್ಟಿನ ನರಗುಂದ, ನವಲಗುಂದಗಳಲ್ಲಿ ಕರದ ಹೊರೆಯನ್ನು ವಿರೋಧಿಸಿದ ರೈತರ ಮೇಲೆ ಗೋಲಿಬಾರ್ ಆಯಿತು. ವೀರಪ್ಪ ಕಡ್ಲಿಕೊಪ್ಪ, ಬಸಪ್ಪ ಲಕ್ಕುಂಡಿ ಪ್ರಾಣ ತೆತ್ತರು. ಅವರಿಗೆ ವೀರಗಲ್ಲು ನಿಂತಿದೆ. ಆ ಸಾವಿನ ಅರ್ಥವೇನೆಂದು ಯಾರೂ ಕೇಳುವುದಿಲ್ಲ.

ಆದರೆ ನಮ್ಮ ದೊಡ್ಡಬಳ್ಳಾಪುರ, ದೇವನಹಳ್ಳಿ ಸೀಮೆಯಲ್ಲಿ ಕೊಳವೆಬಾವಿ ಬತ್ತಿ, ಬಡ್ಡಿ ಬೆಳೆದು, ತಾನೇ ಜೀವ ಕಳಕೊಂಡ ರೈತನಿಗೆ ಯಾವ ಕಲ್ಲೂ ಇಲ್ಲ. ಅವನ ಹೆಸರೆತ್ತಲು ಮನೆಯವರೇ ಹಿಂಜರಿಯುತ್ತಾರೆ. ಇವತ್ತಿನ ಮಾತು ಆ ಮನೆಯ ದುಃಖದ್ದು.

ಇಂಥ ಸಾವಿಗೆ ಊರು ಎರಡು ಅರ್ಥ ಕೊಡುತ್ತದೆ. ಒಂದು ಹಣೆಬರಹ, ಇನ್ನೊಂದು ಹೇಡಿತನ. ಎರಡೂ ಸುಳ್ಳು. ಹಣೆಬರಹ ಅಂದುಬಿಟ್ಟರೆ ಬೆಲೆ ಇಳಿಸಿದವರೂ ಬಡ್ಡಿ ಏರಿಸಿದವರೂ ಪಾರಾಗುತ್ತಾರೆ. ಹೇಡಿ ಅಂದರೆ ಸತ್ತವನನ್ನು ಮತ್ತೊಮ್ಮೆ ಕೊಂದ ಹಾಗೆ. ಹಾಗಂತ ಅದನ್ನು ತ್ಯಾಗವೆಂದು ಹೊಗಳಲೂ ಬಾರದು. ಹೊಗಳಿದರೆ ಕಷ್ಟದಲ್ಲಿರುವ ಇನ್ನೊಬ್ಬ ಅದೇ ದಾರಿ ನೋಡಿಯಾನು.

ವಿಯೆನ್ನಾ ಊರಿನ ವಿಕ್ಟರ್ ಫ್ರಾಂಕಲ್ ಎಂಬ ಮನೋವೈದ್ಯರು 1942ರಿಂದ 1945ರವರೆಗೆ ನಾಜಿಗಳ ಸೆರೆಶಿಬಿರಗಳಲ್ಲಿದ್ದರು. ತಂದೆ, ತಾಯಿ, ಅಣ್ಣ, ಹೆಂಡತಿ ಎಲ್ಲರನ್ನೂ ಕಳೆದುಕೊಂಡರು. ಬದುಕಿ ಬಂದು ಅವರು ಹೇಳಿದ್ದಿಷ್ಟು: ಬದುಕು ನನಗೇನು ಕೊಟ್ಟಿತು ಅಂತ ಕೇಳುತ್ತಾ ಕೂರಬೇಡಿ, ಬದುಕು ನನ್ನಿಂದ ಏನು ಕೇಳುತ್ತಿದೆ ಅಂತ ನೋಡಿ. ಶಿಬಿರದಲ್ಲಿ ಇಬ್ಬರು ಸಾಯಲು ಹೊರಟಿದ್ದರಂತೆ. ಒಬ್ಬನಿಗೆ ಪರದೇಶದಲ್ಲಿ ಮಗು ಕಾಯುತ್ತಿತ್ತು, ಇನ್ನೊಬ್ಬನು ಬರೆಯುತ್ತಿದ್ದ ಪುಸ್ತಕಗಳು ಅರ್ಧಕ್ಕೆ ನಿಂತಿದ್ದವು. ಆ ನೆನಪೇ ಅವರನ್ನು ಹಿಡಿದು ನಿಲ್ಲಿಸಿತು.

ಮನಸ್ಸಿನ ಮಾತೆಂದರೆ ನಮ್ಮ ಕಾರ್ಯಕರ್ತರಿಗೆ ಅನುಮಾನ. ಅದು ಸಹಜವೇ. 2002ರ ವೀರೇಶ್ ಸಮಿತಿ ವರದಿ ಕುಡಿತ, ಸಂಸಾರದ ತಾಪತ್ರಯಗಳಿಗೆ ಒತ್ತು ಕೊಟ್ಟಾಗ ಬೆಲೆಯ ಪ್ರಶ್ನೆ ಹಿಂದೆ ಸರಿಯಿತು. ಆದರೆ ಫ್ರಾಂಕಲ್ ಇನ್ನೂ ಒಂದು ಮಾತು ಹೇಳಿದ್ದಾರೆ. ತಪ್ಪಿಸಬಹುದಾದ ನೋವನ್ನು ಸುಮ್ಮನೆ ಸಹಿಸುವುದರಲ್ಲಿ ದೊಡ್ಡಸ್ತಿಕೆಯಿಲ್ಲ; ಅದರ ಕಾರಣವನ್ನು ತೆಗೆಯುವುದೇ ಅರ್ಥವುಳ್ಳ ಕೆಲಸ. ಸಾವು ಯಾರಿಗೂ ತಪ್ಪಿದ್ದಲ್ಲ. ಸಾಲದ ಸಾವು ಮಾತ್ರ ತಪ್ಪಿಸಬಹುದಾದದ್ದು. ಇದು ನಮ್ಮದೇ ಮಾತಲ್ಲವೇ?

ಹಾಗಾದರೆ ಇಂಥ ಸಾವು ನಮ್ಮಿಂದ ಏನು ಕೇಳುತ್ತದೆ? ಮೊದಲು, ಹನ್ನೊಂದನೇ ದಿನದ ತಿಥಿಗೆ ಆ ಮನೆಯವರು ಮತ್ತೆ ಕೈಸಾಲ ಮಾಡದಂತೆ ಊರು ನೋಡಿಕೊಳ್ಳಬೇಕು. ಸಾಲಕ್ಕೆ ಸತ್ತವನ ಹೆಸರಲ್ಲಿ ಸಾಲದ ಊಟ ಉಣ್ಣುವುದು ಯಾವ ಧರ್ಮ?

ಎರಡನೆಯದು, ಸಾಲ ಕೊಟ್ಟವನು ಪ್ರೋನೋಟು ಹಿಡಿದು ಬಂದರೆ ಆ ತಾಯಿ ಒಬ್ಬಳೇ ಇರಬಾರದು. ಸತ್ತವನು ಬಿಟ್ಟುಹೋದ ಆಸ್ತಿಯ ಮಟ್ಟಿಗೆ ಮಾತ್ರ ವಾರಸುದಾರರ ಹೊಣೆ. ಅವಳು ಮೊದಲೇ ಜಾಮೀನು ಹಾಕಿರದಿದ್ದರೆ, ಜಂಟಿಯಾಗಿ ಸಾಲ ಪಡೆದಿರದಿದ್ದರೆ, ಅವಳ ಸ್ವಂತ ದುಡಿಮೆಗೆ ಕೈ ಹಾಕುವಂತಿಲ್ಲ. ಹೆದರಿ ಹೊಸ ಪತ್ರಕ್ಕೆ ಸಹಿ ಹಾಕಿದಳೋ, ಅದು ಅವಳದೇ ಸಾಲವಾಗುತ್ತದೆ.

ಮೂರನೆಯದು, ಅಳುವವರನ್ನು ಅಳಲು ಬಿಡಿ. "ಆಗಿದ್ದಾಯ್ತು, ಮರೆತುಬಿಡವ್ವ" ಅನ್ನಬೇಡಿ. ತಿಥಿ ಮುಗಿದ ಮೇಲೆ ಜನ ಹೋಗುವುದು ನಿಲ್ಲುತ್ತದೆ, ಅವಳಿಗೆ ಜನ ಬೇಕಾಗುವುದು ಆಗಲೇ. ರಾಗಿ ಬಿತ್ತನೆಗೆ ಒಂದು ಆಳಾಗಿ ಹೋಗಿ, ಪೌತಿ ಖಾತೆಗೆ ನಾಡಕಚೇರಿಗೆ ಜೊತೆಯಲ್ಲಿ ನಡೆಯಿರಿ.

ಕೊನೆಯದಾಗಿ, ಇದನ್ನು ಓದುವ ನಿಮ್ಮಲ್ಲೇ ಯಾರಿಗಾದರೂ ಮನಸ್ಸು ಆ ಕಡೆ ತಿರುಗಿದ್ದರೆ ಬಾಯಿ ಬಿಟ್ಟು ಹೇಳಿ. ಹೆಂಡತಿಗೆ ಹೇಳಿ, ಗೆಳೆಯನಿಗೆ ಹೇಳಿ, ನಮಗೆ ಹೇಳಿ. ಹಗಲು ರಾತ್ರಿ ಯಾವಾಗ ಬೇಕಾದರೂ 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡು ಕೇಳುವುದಿಲ್ಲ. ಬೆಳೆಗೆ ನ್ಯಾಯವಾದ ಬೆಲೆ ಕೇಳಲು ನೀವು ಜೀವಂತವಾಗಿರಬೇಕು. ಹೋದವರ ಸಾವಿಗೆ ನಾವು ತುಂಬಬಹುದಾದ ಅರ್ಥ ಒಂದೇ: ಆ ಕಾರಣಕ್ಕೆ ಇನ್ನೊಬ್ಬ ಸಾಯದ ಹಾಗೆ ಮಾಡುವುದು.