ಬೇಡವೆಂದ ವಿಧವೆ

ಕಾದಂಬರಿಯ ಉಗಮವನ್ನು ಪಾಠ ಹೇಳುವಾಗಲೆಲ್ಲ ನಾನು 1678ರಲ್ಲಿ ಲೇಖಕರ ಹೆಸರಿಲ್ಲದೆ ಪ್ರಕಟವಾದ, ಮದಾಂ ದ ಲಾ ಫಾಯೆತ್ ಅವರ 'ಲಾ ಪ್ರಿನ್ಸೆಸ್ ದ ಕ್ಲೇವ್' ಕೃತಿಯನ್ನು ಪ್ರಸ್ತಾಪಿಸುತ್ತಿದ್ದೆ. ಕಥೆ ನಡೆಯುವುದು ಅದಕ್ಕೂ ನೂರಿಪ್ಪತ್ತು ವರ್ಷ ಹಿಂದೆ, ಫ್ರಾನ್ಸಿನ ದೊರೆ ಎರಡನೆಯ ಹೆನ್ರಿಯ ಆಸ್ಥಾನದಲ್ಲಿ.

ವಿವಾಹಿತೆಯಾದ ನಾಯಕಿ ನೆಮೂರಿನ ಡ್ಯೂಕನನ್ನು ಕಾಣುವುದು ಅರಮನೆಯ ನೃತ್ಯಕೂಟದಲ್ಲಿ. ಅನುರಾಗ ಮಾತಾಗುವುದಿಲ್ಲ. ಅವನು ಅವಳ ಚಿತ್ರಪಟವನ್ನು ಕದಿಯುತ್ತಾನೆ. ಅವಳು ಕಂಡೂ ಸುಮ್ಮನಿರುತ್ತಾಳೆ. ಕೊನೆಗೆ ಪತಿಯ ಮುಂದೆಯೇ ತನ್ನ ಮನಸ್ಸಿನ ಅಳುಕನ್ನು ತೋಡಿಕೊಳ್ಳುತ್ತಾಳೆ. ಸಂಶಯದಲ್ಲಿ ಬೆಂದು ಆತ ತೀರಿಕೊಳ್ಳುತ್ತಾನೆ.

ಈಗ ಆಕೆ ಸ್ವತಂತ್ರಳು, ತಡೆಯುವವರಿಲ್ಲ. ಡ್ಯೂಕನೆದುರು ತನ್ನ ಪ್ರೀತಿಯನ್ನು ಮೊದಲ ಬಾರಿಗೆ ಬಾಯಿಬಿಟ್ಟು ಒಪ್ಪುತ್ತಾಳೆ, ವಿವಾಹವನ್ನು ನಿರಾಕರಿಸುತ್ತಾಳೆ.

ಇದು ಪತಿಯ ನೆನಪಿಗೆ ಸಲ್ಲಿಸಿದ ನಿಷ್ಠೆಯೆಂದೇ ನಾನು ವಿವರಿಸುತ್ತಿದ್ದೆ. ಕರ್ತವ್ಯದ ಮಾತನ್ನು ಅವಳೂ ಆಡುತ್ತಾಳೆ, ನಿಜ. ಆದರೆ ಜೊತೆಯಲ್ಲೇ ಇನ್ನೊಂದನ್ನೂ ಹೇಳುತ್ತಾಳೆ: ಅಡ್ಡಿಗಳಿದ್ದುದರಿಂದಲೇ ಉಳಿದುಬಂದ ಅವನ ಪ್ರೇಮ ವಿವಾಹದ ತರುವಾಯ ಬಾಡೀತು, ಆಗ ತನ್ನ ನೆಮ್ಮದಿ ಹಾಳಾದೀತು.

ಶ್ರೋತೃಗಳೇ, ಆ ಪುಟವನ್ನು ಎಷ್ಟೋ ವರ್ಷ ಓದಿಯೂ ಈ ಮಾತು ನನಗೆ ಕೇಳಿಸಲಿಲ್ಲ. ವಿಧವೆಯ ನಿರಾಕರಣೆ ಸತ್ತವನಿಗಾಗಿಯೇ ಇರಬೇಕೆಂದು ನಾನು ಮೊದಲೇ ತೀರ್ಮಾನಿಸಿಬಿಟ್ಟಿದ್ದೆ. ಅದು ಅವಳಿಗಾಗಿಯೂ ಇದ್ದೀತೆಂದು ಹೊಳೆದದ್ದು ನಿವೃತ್ತಿಯ ನಂತರ. ಪಾಠ ಕೇಳಿದವರಿಗೆ ಈ ತಿದ್ದುಪಡಿ ಸಲ್ಲಬೇಕಾದದ್ದು.